ಹತ್ತಿರದ ದಾರಿ

ಅಪ್ಪ ಸತ್ತದ್ದು ಮಂಗಳವಾರ, ಕೋಳಿ ಕೂಗುವ ಹೊತ್ತಿಗೆ. 2023ರ ಫೆಬ್ರವರಿ. ಬೆಳಕು ಹರಿಯುವುದರೊಳಗೆ ಕೇರಿಯ ಜನವೆಲ್ಲ ನಮ್ಮ ಜಗಲಿ ಮುಂದೆ ಬಂದು ಕೂತಿದ್ದರು. ಅಳುವವರು ಅಳುತ್ತಿದ್ದರು. ಉಳಿದವರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು:

"ನಿಮ್ಮಣ್ಣ ಬರಾಕೆ ಎಷ್ಟೊತ್ತಾಯ್ತದ್ಲಾ?"

ಅಣ್ಣ ಇದ್ದದ್ದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಹತ್ತಿರ. ಕೇರಿಯವರ ಬಾಯಿಗೆ ಆ ಊರಿನ ಹೆಸರು ಹತ್ತುವುದಿಲ್ಲ. 'ಅಮರಿಕ' ಅಂದರೆ ಮುಗಿಯಿತು. ಗುಂಡಿ ತೋಡುವವರಿಗೆ ಹೊತ್ತು ಹೇಳಬೇಕು, ತಮಟೆಯವರಿಗೆ ಹೇಳಬೇಕು, ಐಸ್ ಪೆಟ್ಟಿಗೆಯವನಿಗೆ ಎಷ್ಟು ದಿನದ ಬಾಡಿಗೆ ಅಂತ ಹೇಳಬೇಕು. ಅದು ದುಃಖದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಅಲ್ಲಿದ್ದವರಲ್ಲಿ ಡಿಗ್ರಿ ಓದಿದವನು ನಾನೊಬ್ಬ. ಲೆಕ್ಕ ನನ್ನ ಪಾಲಿಗೆ ಬಂತು.

ಫೋನು ಮಾಡಿದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಅಣ್ಣನ ಊರಿನಲ್ಲಿ ಇನ್ನೂ ಸೋಮವಾರ ಸಂಜೆ ನಾಲ್ಕು. ಅಪ್ಪ ಸತ್ತ ಮಂಗಳವಾರ ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಮಡಗ್ಕಂಡಿರಿ, ಬತ್ತೀನಿ" ಅಂದ. ಅಷ್ಟೇ. ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಕೇರಿಯ ಮಾತು ಬಂದದ್ದು ಅವತ್ತೇ.

ಈ ದೂರದ ಲೆಕ್ಕ ನಾನು ಮೊದಲೇ ಒಂದು ಸಲ ಮಾಡಿದ್ದೆ. ಅಣ್ಣ ಮೊದಲು ಅಮೆರಿಕಕ್ಕೆ ಹೋದಾಗ ಅಪ್ಪ ನನ್ನನ್ನು ಕೇಳಿದ್ದ, "ಅದು ಎಷ್ಟು ಬೀಡಿ ದೂರ ಬತ್ತದ್ಲಾ?"

ಅಪ್ಪ ತಮಾಷೆ ಮಾಡಿದ್ದಲ್ಲ. ಅವನಿಗೆ ಗೊತ್ತಿದ್ದ ಅಳತೆ ಅದು. ಊರಿನ ದೊಡ್ಡಮನೆಗಳಲ್ಲಿ ಸಾವಾದರೆ ನಂಟರ ಊರಿಗೆ ಸುದ್ದಿ ಹೊತ್ತುಕೊಂಡು ಹೋಗುವುದು ನಮ್ಮ ಮನೆಯ ಪಾಲಿನ ಚಾಕರಿ. ತಾತ ಮಾಡಿದ, ಆಮೇಲೆ ಅಪ್ಪ ಮಾಡಿದ. ಅಪ್ಪ ಹುಡುಗನಾಗಿದ್ದಾಗ, ಎಪ್ಪತ್ತರ ದಶಕದಲ್ಲಿ, ರಾತ್ರಿ ಎಬ್ಬಿಸಿ ಕಳಿಸುತ್ತಿದ್ದರಂತೆ. ಒಂದು ಬೀಡಿ ಹಚ್ಚಿ ಆರುವಷ್ಟು ದೂರ ಒಂದು ಬೀಡಿ. ಪಕ್ಕದ ಊರು ಐದು ಬೀಡಿ. ಹೊಳೆಯಾಚೆಗೆ ಒಂದು ಕಟ್ಟು ಬೇಕು. ಹೋದವನು ಆ ಊರಿನ ಬೀದಿಯೊಳಗೆ ಕಾಲಿಡುವಂತಿಲ್ಲ, ದೂರ ನಿಂತು ಕೂಗಿ ಹೇಳಬೇಕು. ಹೇಳಿದ ಮೇಲೆ ಅವರು ಕೊಟ್ಟರೆ ಹಿಟ್ಟು, ಇಲ್ಲದಿದ್ದರೆ ಇಲ್ಲ. ಇನ್ನೊಬ್ಬರ ಸಾವನ್ನು ಹೊತ್ತು ನಡೆದ ಆ ಕಾಲುಗಳಿಗೆ ಈ ತಾಲ್ಲೂಕಿನ ಪ್ರತಿ ಊರಿನ ದೂರವೂ ಗೊತ್ತಿತ್ತು.

ಅಪ್ಪನಿಗೆ ಉತ್ತರ ಹೇಳಬೇಕಲ್ಲ ಅಂತ ಕಾಲೇಜಿನ ಲೈಬ್ರರಿಗೆ ಹೋದೆ. ಅಲ್ಲಿ ಬೀರುವಿನ ಮೇಲೆ ಧೂಳು ಹಿಡಿದು ಕೂತ ಒಂದು ಭೂಗೋಳವಿತ್ತು. ಪುಸ್ತಕ ಕಟ್ಟುವ ಬಿಳಿ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್‌ಫ್ರಾನ್ಸಿಸ್ಕೋದ ಮೇಲೆ ಇಟ್ಟು ಎಳೆದೆ. ಗೋಡೆಯ ಮೇಲಿನ ಭೂಪಟ ನೋಡಿ ಬೆಳೆದವನು ನಾನು. ಅರಬ್ಬರ ದೇಶ, ಯುರೋಪು, ಅಟ್ಲಾಂಟಿಕ್ ಸಮುದ್ರ ದಾಟಿ ಅಡ್ಡಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ದಾರವನ್ನು ಅಲ್ಲಿಟ್ಟರೆ ಅದು ನಿಲ್ಲಲೇ ಇಲ್ಲ. ಬಿಗಿ ಮಾಡಿದಷ್ಟೂ ಜಾರಿ ಜಾರಿ ಮೇಲಕ್ಕೆ ಹತ್ತಿತು. ಕೊನೆಗೆ ಭೂಮಿಯ ನೆತ್ತಿಯ ಕಡೆಗೆ ಹೋಗಿ ಕೂತಿತು. ಬೆಂಗಳೂರು ಪೂರ್ವಕ್ಕೆ ಸುಮಾರು 78 ಡಿಗ್ರಿಯಲ್ಲಿದೆ, ಸ್ಯಾನ್‌ಫ್ರಾನ್ಸಿಸ್ಕೋ ಪಶ್ಚಿಮಕ್ಕೆ 122ರಲ್ಲಿ. ಎರಡೂ ಕೂಡಿದರೆ 200. ಅಂದರೆ ಒಂದು ಊರು ಈ ಬೆನ್ನಿಗೆ, ಇನ್ನೊಂದು ಆ ಬೆನ್ನಿಗೆ. ಗುಂಡಗಿರುವ ಭೂಮಿಯ ಮೇಲೆ ಹತ್ತಿರದ ದಾರಿ ಪಕ್ಕದಿಂದಲ್ಲ, ತಲೆ ಮೇಲಿಂದ. ದಾರ ಒಂದೂವರೆ ಗೇಣು ಬಂತು. ಸುಮಾರು 14,000 ಕಿಲೋಮೀಟರು.

ಅವತ್ತು ಇನ್ನೊಂದು ಸಂಗತಿಯೂ ಹೊಳೆಯಿತು. ಭೂಮಿಯ ಸುತ್ತಳತೆ 40,000 ಕಿ.ಮೀ. ಹಾಗಾದರೆ ಈ ಲೋಕದಲ್ಲಿ ಯಾವ ಊರೂ ಇನ್ನೊಂದು ಊರಿಗೆ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರದು. ಅದಕ್ಕಿಂತ ದೂರ ಹೋದರೆ ಹತ್ತಿರ ಬರುತ್ತಾ ಇದ್ದೇವೆ ಅಂತ ಅರ್ಥ. ಎಷ್ಟೋ ದಿನ ಈ ಮಾತು ನನಗೆ ಕವಿತೆಗಿಂತ ಹೆಚ್ಚು ಸಮಾಧಾನ ಕೊಟ್ಟಿತ್ತು.

2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ಇಳಿಯದೆ ದೇವನಹಳ್ಳಿಗೆ ಬಂದು ಇಳಿಯಿತು. ಅಂಥ ಹಾರಾಟ ಅದೇ ಮೊದಲು. ಓಡಿಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಹೆಣ್ಣುಮಕ್ಕಳು. ಉತ್ತರ ಧ್ರುವದ ಮೇಲಿಂದಲೇ ಬಂದರು. ಹದಿನೇಳು ಗಂಟೆ ದಾಟಿತ್ತು. 9ಕ್ಕೆ ಹೊರಟು 11ರ ಬೆಳಗಿನ ಜಾವ ಇಳಿದರು. ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದರೆ ಅಪ್ಪ ಕೇಳಿದ, "ಮಧ್ಯದ ದಿನ ಎಲ್ಲಿಗೆ ಹೋಯ್ತಪ್ಪಾ?" ಹದಿಮೂರೂವರೆ ಗಂಟೆಯ ಹೊತ್ತಿನ ವ್ಯತ್ಯಾಸ ತಿಳಿಸಿ ಹೇಳಲು ನನಗೆ ಒಂದು ತೆಂಗಿನಕಾಯಿ, ಒಂದು ಬುಡ್ಡಿ ದೀಪ ಬೇಕಾಯಿತು. ಎಲ್ಲ ಕೇಳಿಸಿಕೊಂಡು ಅಪ್ಪ ಫೋಟೋ ನೋಡುತ್ತ ಅಂದದ್ದು ಬೇರೆಯೇ: "ಹೆಣ್ಮಕ್ಳು ಅಷ್ಟು ದೂರದಿಂದ ಯಾರ್ನೂ ಕೇಳ್ದೆ ನೆಟ್ಟಗೆ ಬಂದವ್ರೆ ನೋಡ್ಲಾ."

ಅಪ್ಪ ಸತ್ತ ದಿನ ಆ ನೆಟ್ಟಗಿನ ವಿಮಾನ ಇರಲಿಲ್ಲ. ಅದು ಆಗ ದಿನಾ ಹಾರುತ್ತಿರಲಿಲ್ಲ. ಅಣ್ಣನಿಗೆ ಸಿಕ್ಕಿದ್ದು ಸಿಂಗಪುರದ ಮೇಲೆ ಸುತ್ತಿ ಬರುವ ಟಿಕೆಟ್ಟು. ಸ್ಯಾನ್‌ಫ್ರಾನ್ಸಿಸ್ಕೋದಿಂದ ಪೆಸಿಫಿಕ್ ಸಮುದ್ರ ದಾಟಿ ಸಿಂಗಪುರಕ್ಕೇ 13,500 ಕಿ.ಮೀ. ಮೇಲಿದೆ, ಹದಿನೇಳು ಗಂಟೆ. ಅಲ್ಲಿ ಏಳು ಗಂಟೆ ಕಾಯಬೇಕು. ಅಲ್ಲಿಂದ ಬೆಂಗಳೂರಿಗೆ ಮತ್ತೆ 3,000 ಕಿ.ಮೀ. ಮೇಲೆ, ನಾಲ್ಕೂವರೆ ಗಂಟೆ. ದೇವನಹಳ್ಳಿಯಿಂದ ಬೆಂಗಳೂರು ಹಾದು ನಮ್ಮೂರಿಗೆ ಸುಮಾರು 150 ಕಿ.ಮೀ. ಅದಕ್ಕೂ ನಾಲ್ಕೂವರೆ ಗಂಟೆ! ಸಿಂಗಪುರದಿಂದ ಬೆಂಗಳೂರೂ ಬೆಂಗಳೂರಿನಿಂದ ನಮ್ಮ ಕೇರಿಯೂ ಹೊತ್ತಿನ ಲೆಕ್ಕದಲ್ಲಿ ಸಮಸಮ.

"ನಾಳೆ ರಾತ್ರಿ ಬತ್ತನೆ. ಮಣ್ಣು ನಾಡಿದ್ದು ಬೆಳಗ್ಗೆ" ಅಂದೆ.

ಚಿಕ್ಕಪ್ಪ ಎಲೆಯಡಿಕೆ ಉಗುಳಿ, "ಅದ್ಯಾಕ್ಲಾ, ಆಕಾಸದಾಗೆ ಹಾರೋವ್ನಿಗೂ ಸುತ್ತಾಕೋ ಗಾಚಾರವಾ?" ಅಂದ.

ಆಕಾಶದಲ್ಲೂ ಬೀದಿಗಳಿವೆ, ಮುಚ್ಚಿದ ಬೀದಿಗಳೂ ಇವೆ. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿಬಿಟ್ಟಿತು. ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋಗೆ ಮೊದಲು ಸುಮಾರು ಒಂಬತ್ತು ಗಂಟೆ ಸಾಕಾಗುತ್ತಿತ್ತು. ಸುತ್ತಿ ಹೋಗಬೇಕಾದ ಮೇಲೆ ಹದಿಮೂರಾಯಿತು. ಉತ್ತರ ಧ್ರುವದ ಮೇಲೆ ಸುತ್ತಿಸಿಕೊಂಡು ಹೋದ ಆ ಪ್ರಯಾಣಿಕರಿಗೆ ಕಂಪನಿಯವರು 'ನೀವು ಧ್ರುವ ದಾಟಿದಿರಿ' ಅಂತ ಸರ್ಟಿಫಿಕೇಟು ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗಲೂ ಹಾಗೇ, ದೆಹಲಿಯಿಂದ ಪಶ್ಚಿಮಕ್ಕೆ ಹೊರಟವು ಸುತ್ತುಹಾಕಬೇಕಾಯಿತು. ಎಷ್ಟು ಹೊತ್ತು ಹೆಚ್ಚಾಯಿತು, ಎಷ್ಟು ಎಣ್ಣೆ ಹೆಚ್ಚು ಸುಟ್ಟಿತು, ಟಿಕೆಟ್ಟಿನ ದರ ಎಷ್ಟು ಏರಿತು ಎಂದು ಪೇಪರುಗಳು ದಿನಗಟ್ಟಲೆ ಬರೆದವು. ಬರೆಯಲಿ, ಬೇಡ ಅನ್ನುವುದಿಲ್ಲ. ದಾರಿ ಮುಚ್ಚುವುದು ಅನ್ಯಾಯ ಅಂತ ಅವರಿಗೂ ಗೊತ್ತಿದೆ ಅನ್ನುವುದಷ್ಟೇ ನನಗೆ ಬೇಕಾದದ್ದು.

ಅಣ್ಣ ಬುಧವಾರ ರಾತ್ರಿ ಹತ್ತೂವರೆಗೆ ಬಂದ. ಕಾರು ಕೇರಿಯ ಬಾಯಿಯಲ್ಲೇ ನಿಂತಿತು, ಚರಂಡಿಗೆ ಹಾಸಿದ ಕಲ್ಲು ಮುರಿದಿತ್ತು. ಅಲ್ಲಿಂದ ಓಡಿಕೊಂಡು ಬಂದ. ಅವ್ವ ಅವನ ಶೂಸು ಬಿಚ್ಚುತ್ತ ಅತ್ತಳು. ಅದನ್ನೆಲ್ಲ ಬರೆಯಲಾರೆ.

ನಡುರಾತ್ರಿ ಮೀರಿದ ಮೇಲೆ ಐಸ್ ಪೆಟ್ಟಿಗೆಯ ಪಕ್ಕ ಕೂತು ಅಣ್ಣ ಹೇಳಿದ. ರಜೆ ಕೇಳಿದಾಗ ಆಫೀಸಿನಲ್ಲಿ ನಮ್ಮ ಕಡೆಯವನೇ ಒಬ್ಬ ಬಂದು ಹೆಗಲ ಮೇಲೆ ಕೈ ಹಾಕಿದನಂತೆ. ಕನ್ನಡದವನು, ಒಳ್ಳೆಯವನು, ಏರ್‌ಪೋರ್ಟಿನ ತನಕ ಕಾರಿನಲ್ಲಿ ಬಿಟ್ಟುಕೊಟ್ಟವನೂ ಅವನೇ. ದಾರಿಯಲ್ಲಿ ಮೆತ್ತಗೆ ಕೇಳಿದನಂತೆ, "ನಿಮ್ಮಲ್ಲಿ ಸುಡ್ತಾರಾ, ಹೂಳ್ತಾರಾ?"

"ಹೂಳ್ತೀವಿ" ಅಂದನಂತೆ ಅಣ್ಣ.

"ಓ, ಲಿಂಗಾಯತರಾ?"

ಅಣ್ಣ ಕಿಟಕಿಯಾಚೆ ನೋಡುತ್ತ ಕೂತನಂತೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಅಪ್ಪ ಸತ್ತ ದಿನವೂ ನಾನು ಯಾರ ಮಗ ಅಂತ ಹೇಳಾಕಾಗ್ಲಿಲ್ಲ ಕಣೊ" ಅಂದ. ಆ ಕೇಳಿದವನದು ಕೇಡಿನ ಬುದ್ಧಿಯಲ್ಲ, ಅದೇ ತೊಂದರೆ. ಕೇಡಿಗನಾದರೆ ಜಗಳವಾಡಬಹುದು. 2023ರ ಆ ಫೆಬ್ರವರಿಯಲ್ಲೇ ಅದೇ ಅಮೆರಿಕದ ಸಿಯಾಟಲ್ ನಗರಸಭೆ ಜಾತಿಯಿಂದ ತಾರತಮ್ಯ ಮಾಡಬಾರದು ಅಂತ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದ ಶಾಸನಸಭೆಯೂ ಅಂಥದ್ದೊಂದು ಮಸೂದೆ ಒಪ್ಪಿತು, ಅಕ್ಟೋಬರಿನಲ್ಲಿ ಅಲ್ಲಿನ ಗವರ್ನರ್ ತಡೆದರು. ಹದಿನೇಳು ಗಂಟೆ ಹಾರಿ ಹೋದ ಜನ ಸೂಟ್‌ಕೇಸಿನಲ್ಲಿ ಏನೇನು ತುಂಬಿಕೊಂಡು ಹೋಗಿದ್ದಾರೆ ಅಂತ ಅಲ್ಲಿಯ ಸರ್ಕಾರಕ್ಕೂ ತಿಳಿಯುವಂತಾಗಿದೆ.

ಬೆಳಿಗ್ಗೆ ಚಟ್ಟ ಕಟ್ಟಿದರು. ಆಗ ಶುರುವಾಯಿತು.

ನಮ್ಮ ಕೇರಿಯಿಂದ ಸ್ಮಶಾನಕ್ಕೆ ಎರಡು ದಾರಿ. ಒಂದು ಕೇರಿಯ ಬೆನ್ನಿಗೇ ಹೊರಟು, ದೊಡ್ಡಮನೆಯವರೊಬ್ಬರ ಹೊಲದೊಳಗೆ ಹಾದು, ಹಳ್ಳದ ದಂಡೆಗೆ ಇಳಿಯುತ್ತದೆ. ಅದು ಹಿಂದಿನಿಂದಲೂ ಬಂಡಿದಾರಿ. ನಾನು ಹುಡುಗನಾಗಿದ್ದಾಗ ಒಂದು ವರ್ಷ ಅದನ್ನು ಉತ್ತರು, ಮರುವರ್ಷ ಮುಳ್ಳುತಂತಿ ಬಿಗಿದರು. ಹೆಣ ಹಾದರೆ ಬೆಳೆಗೆ ಮೈಲಿಗೆ. ಇನ್ನೊಂದು ದಾರಿ ಊರನ್ನು ಪೂರಾ ಬಳಸಿ, ಕೆರೆ ಏರಿ ಹತ್ತಿ ಇಳಿದು, ಹಳ್ಳದ ಆಚೆ ಮಗ್ಗುಲಿಂದ ಬರುವುದು. ಅವತ್ತಿನಿಂದ ನಮ್ಮ ಸತ್ತವರೆಲ್ಲ ಏರಿಯ ಮೇಲೆ ಹೋದವರೇ.

ಅಣ್ಣ ಚಟ್ಟಕ್ಕೆ ಹೆಗಲು ಕೊಟ್ಟು ಬೇಲಿಯ ಕಡೆ ತಿರುಗಿ, "ನೆಟ್ಟಗೆ ಹೋಗಣ ನಡೀರಿ" ಅಂದ.

ಯಾರೂ ಅಲುಗಲಿಲ್ಲ. ತಮಟೆ ನಿಂತಿತು. ಚಿಕ್ಕಪ್ಪ ಮೆಲ್ಲಗೆ ಅಂದ, "ಮಗಾ, ನೀನು ನಾಳಿದ್ದು ಇಮಾನ ಹತ್ಕಂಡು ಹೋಯ್ತೀಯೆ. ನಾವು ಸೋಮವಾರ ಅದೇ ಹೊಲಕ್ಕೆ ಕಬ್ಬು ಕಡಿಯಾಕೆ ಹೋಗ್ಬೇಕು."

ಅಣ್ಣ ನನ್ನ ಮುಖ ನೋಡಿದ. ಗೆಳೆಯರೇ, ನಿಮ್ಮ ಎದುರು ವೇದಿಕೆಯ ಮೇಲೆ ನಿಂತು ಬೇಲಿ ಕಿತ್ತೊಗೆಯುವ ಪದ್ಯ ಓದಿದವನು ನಾನು. ನೀವು ಚಪ್ಪಾಳೆ ತಟ್ಟಿದ್ದೀರಿ. ಅವತ್ತು ಆ ತಂತಿಬೇಲಿಯ ಎದುರು ನಿಂತು ನಾನು ಅಂದದ್ದು: "ಸುತ್ತಾಕ್ಕಂಡೇ ಹೋಗಣ ಬುಡಣ್ಣ."

ಅಣ್ಣ ಏನೂ ಅನ್ನಲಿಲ್ಲ. ತಮಟೆ ಮತ್ತೆ ಶುರುವಾಯಿತು.

ಬರಿಗಾಲಲ್ಲಿ ನಡೆದು ಅಭ್ಯಾಸ ತಪ್ಪಿದ ಅಣ್ಣನಿಗೆ ಏರಿಯ ಕಲ್ಲು ಚುಚ್ಚುತ್ತಿದ್ದವು. ಹೆಗಲು ಬದಲಾಯಿಸಿಕೊಳ್ಳಲು ಮೂರು ಕಡೆ ನಿಲ್ಲಿಸಿದೆವು. ಕೆರೆಯಲ್ಲಿ ನೀರು ಕಡಿಮೆಯಿತ್ತು, ಕೊಕ್ಕರೆಗಳು ನಿಂತಿದ್ದವು. ಬೇರೆಯವರ ಸಾವಿನ ಸುದ್ದಿ ಹೊತ್ತು ರಾತ್ರಿಯೆಲ್ಲ ನಡೆದ ಮನುಷ್ಯ ತನ್ನ ಸಾವಿನಲ್ಲೂ ಸುತ್ತು ದಾರಿಯಲ್ಲೇ ಹೋಗುತ್ತಿದ್ದ. ಒಟ್ಟು ಐವತ್ತೈದು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿದೆ, ಸುಳ್ಳು ಯಾಕೆ ಹೇಳಲಿ. ಅಷ್ಟು ಹೊತ್ತಿನಲ್ಲಿ ವಿಮಾನ 700 ಕಿ.ಮೀ. ದಾಟಿರುತ್ತದೆ.

ಮಣ್ಣು ಮುಗಿಸಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ಬಾಬಾಸಾಹೇಬರು ಬರೆದ ಒಂದು ಪ್ರಯಾಣ ನೆನಪಾಗುತ್ತಿತ್ತು. 1901. ಅವರಿನ್ನೂ ಸಣ್ಣ ಹುಡುಗ. ತಂದೆಯನ್ನು ನೋಡಲು ಅಣ್ಣನ ಜೊತೆ, ಮನೆಯ ಮಕ್ಕಳ ಜೊತೆ ರೈಲಿನಲ್ಲಿ ಮಸೂರು ಸ್ಟೇಷನ್ನಿಗೆ ಬಂದು ಇಳಿದರು. ಅಲ್ಲಿಂದ ಗೋರೆಗಾಂವ್‌ಗೆ ಎತ್ತಿನಗಾಡಿಯಲ್ಲಿ ಹೋಗಬೇಕು. ಮಹಾರರ ಮಕ್ಕಳು ಅಂತ ತಿಳಿದದ್ದೇ ಯಾವ ಗಾಡಿಯವನೂ ಒಲ್ಲೆ ಅಂದ. ಕೊನೆಗೊಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಅದೂ ಗಾಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ ಅಂತ. ಮೂರು ಗಂಟೆಯ ದಾರಿ ಅಂದಿದ್ದರು. ಸಂಜೆ ಹೊರಟವರು ತಲುಪಿದ್ದು ಮರುದಿನ. ಬುತ್ತಿ ಇತ್ತು, ಆದರೆ ಕುಡಿಯುವ ನೀರನ್ನು ಯಾರೂ ಕೊಡದೆ ಉಪವಾಸ ಮಲಗಿದರು. ಆ ನೆನಪುಗಳ ಬರಹಕ್ಕೆ ಅವರು ಇಟ್ಟ ಹೆಸರು 'ವೀಸಾಕ್ಕಾಗಿ ಕಾಯುತ್ತ' ಎಂಬರ್ಥದ್ದು. ಮಸೂರಿನಿಂದ ಗೋರೆಗಾಂವ್‌ಗೆ ದೂರ ಎಲ್ಲರಿಗೂ ಒಂದೇ ಇತ್ತು. ಹೊತ್ತು ಮಾತ್ರ ಎಲ್ಲರಿಗೂ ಒಂದೇ ಇರಲಿಲ್ಲ.

ಮಾರನೇ ವಾರ ತಾಲ್ಲೂಕಿಗೆ ಹೋಗಿ ದುಡ್ಡು ಕಟ್ಟಿ ಗ್ರಾಮ ನಕಾಶೆ ತಂದೆ. ಅದರಲ್ಲಿ ನಮ್ಮ ಬಂಡಿದಾರಿ ಇದೆ! ಜೋಡಿ ಚುಕ್ಕೆಗೆರೆಯಲ್ಲಿ ಸ್ಪಷ್ಟವಾಗಿ ಇದೆ. ಉತ್ತವರಿಗೆ ನೆಲದ ಮೇಲಿನ ದಾರಿ ಸಿಕ್ಕಿತು, ಕಾಗದದ ಮೇಲಿನದು ಸಿಗಲಿಲ್ಲ. ಅಣ್ಣನೂ ನಾನೂ ಚಾಪೆಯ ಮೇಲೆ ನಕಾಶೆ ಹರಡಿ, ಅವ್ವನ ಸೂಜಿದಾರ ತಂದು ಅಳೆದೆವು. ಬಂಡಿದಾರಿ ನಾಲ್ಕು ಬೆರಳಗಲ ಬಂತು, 600 ಮೀಟರ್. ಕೆರೆ ಏರಿಯ ದಾರಿಗೆ ದಾರವನ್ನು ಬಾಗಿಸಿ ಬಾಗಿಸಿ ಹಾಕಿದರೆ ಒಂದೂವರೆ ಗೇಣು, 2,700 ಮೀಟರ್. ಲೈಬ್ರರಿಯ ಗೋಳದ ಮೇಲೆ ಬೆಂಗಳೂರಿನಿಂದ ಅಮೆರಿಕಕ್ಕೆ ಬೇಕಾಗಿದ್ದ ದಾರವೂ ಒಂದೂವರೆ ಗೇಣೇ.

ಅಣ್ಣ ಎಂಜಿನಿಯರಲ್ಲವೇ, ಲೆಕ್ಕ ಮುಂದುವರಿಸಿದ. ಸುತ್ತು ನಾಲ್ಕೂವರೆ ಪಟ್ಟು. ಸ್ಯಾನ್‌ಫ್ರಾನ್ಸಿಸ್ಕೋ ವಿಮಾನವನ್ನು ಇದೇ ಲೆಕ್ಕದಲ್ಲಿ ಸುತ್ತಿಸಿದರೆ 63,000 ಕಿ.ಮೀ. ಆಗುತ್ತದೆ, ಅಂದರೆ ಭೂಮಿಯನ್ನು ಒಂದೂವರೆ ಸುತ್ತು ಹಾಕಿಸಿ ಆಮೇಲೆ ಇಳಿಸಿದ ಹಾಗೆ. ಮೂರು ದಿನ ಮೂರು ರಾತ್ರಿ ಮೀರುತ್ತದೆ. "ಯಾವನಾದ್ರೂ ಕೂತ್ಕತ್ತಾನಾ?" ಅಂದ. ಇಬ್ಬರೂ ನಕ್ಕೆವು. ಅಪ್ಪ ಹೋದ ಮೇಲೆ ಮನೆಯಲ್ಲಿ ಮೊದಲ ನಗು. ನಕ್ಕ ಮೇಲೆ ಅಣ್ಣ ಅಂದ, "ನಿನ್ನ ಪದ್ಯದಾಗೆ ಬೇಲಿ ದಾಟ್ತೀಯಲ್ಲೊ?" ಸಿಟ್ಟಿನಲ್ಲಿ ಅಂದದ್ದಲ್ಲ. ಅದಕ್ಕೇ ಇನ್ನೂ ಕಿವಿಯಲ್ಲಿದೆ.

ಅರ್ಜಿ ಅವತ್ತೇ ರಾತ್ರಿ ಬರೆದೆ. ನಕಾಶೆಯ ಪ್ರತಿ ಲಗತ್ತಿಸಿ, ಬಂಡಿದಾರಿ ಬಿಡಿಸಿಕೊಡಬೇಕು ಅಂತ. ಪದ್ಯಕ್ಕಿಂತ ಕಷ್ಟವಾಯಿತು, ಕೆಳಗೆ ಸಹಿ ಹಾಕಬೇಕಲ್ಲ. ಕೇರಿಯಲ್ಲಿ ಮನೆಮನೆಗೆ ಹೋದೆ. ಹನ್ನೊಂದು ಜನ ಹೆಬ್ಬೆಟ್ಟು, ಸಹಿ ಕೊಟ್ಟರು. ಚಿಕ್ಕಪ್ಪ ಮೊದಲು ಒಲ್ಲೆ ಅಂದವನು ಕತ್ತಲಾದ ಮೇಲೆ ತಾನೇ ಬಂದು ಒತ್ತಿ ಹೋದ. ಅಳೆಯುವವರು ಬರುತ್ತಾರೆ ಅಂದಿದ್ದಾರೆ. ಎರಡು ಸಲ ದಿನ ಗೊತ್ತು ಮಾಡಿದ್ದರು. ಬರಲಿಲ್ಲ. ತಾಲ್ಲೂಕು ಕಚೇರಿ ನಮ್ಮೂರಿಗೆ 19 ಕಿ.ಮೀ.

ತಿಥಿ ಮುಗಿಸಿ ಅಣ್ಣ ಹೊರಟಾಗ ನೆಟ್ಟಗಿನ ವಿಮಾನವೇ ಸಿಕ್ಕಿತು. ಹೋಗುವಾಗ ಅದು ಧ್ರುವದ ಕಡೆ ಹೋಗುತ್ತಿರಲಿಲ್ಲ, ಪೂರ್ವಕ್ಕೆ ಹೊರಟು ಪೆಸಿಫಿಕ್ ದಾಟುತ್ತಿತ್ತು. ಅಲ್ಲಿ ಮೇಲುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದಂತೆ. ದಾರಿ ಉದ್ದವಾದರೂ ಗಾಳಿ ಬೆನ್ನಿಗೆ ನಿಂತು ತಳ್ಳುವುದರಿಂದ ಹೊತ್ತು ಉಳಿಯುತ್ತದೆ. ಅವರ ಸುತ್ತು ದಾರಿಗೂ ಲಾಭವಿದೆ.

ಅವತ್ತು ರಾತ್ರಿ ಅವ್ವ ಮಲಗಲಿಲ್ಲ. ನನ್ನ ಫೋನಿನಲ್ಲಿ ವಿಮಾನ ಎಲ್ಲಿದೆ ಅಂತ ತೋರಿಸುವ ನಕ್ಷೆ ತೆಗೆದುಕೊಟ್ಟಿದ್ದೆ. ಹಳದಿ ಬಣ್ಣದ ಹುಳದಂತೆ ಕಾಣುವ ಅದನ್ನೇ ದಿಟ್ಟಿಸುತ್ತ, ಆಗಾಗ ಬೆರಳಿನಿಂದ ಮುಟ್ಟಿ ನೋಡುತ್ತ ಕೂತಿದ್ದಳು. ನಡುರಾತ್ರಿ ದಾಟಿದ ಮೇಲೆ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

"ಇವಾಗ ಯಾರ ಹೊಲದ ಮೇಲೆ ಹೋಯ್ತಾವ್ನೆ ನೋಡ್ಲಾ ಮಗಾ."

ನೋಡಿದೆ. ಜಪಾನು ಹಿಂದೆ ಬಿದ್ದಿತ್ತು. ಸುತ್ತ ಬರೀ ನೀಲಿ.

"ಯಾರದೂ ಅಲ್ಲ ಕಣವ್ವ. ಸಮುದ್ರ."

"ಹಂಗಾರೆ ಸರಿ ಬುಡು" ಅಂದು ಸೆರಗು ಹೊದ್ದು ಮಲಗಿದಳು.